ನೊರಿಬೆನ್‌ಗೆ ನಾನು ಮಾಡಿಸಿದ ಮದುವೆ

ಈಗಷ್ಟೇ ಫೋನಿನಲ್ಲಿ ಒಂದು ಸುಳ್ಳು ಹೇಳಿ ಬಂದು ಕೂತಿದ್ದೇನೆ. ಅಹಮದಾಬಾದಿನಿಂದ ಹಂಸಾಬೆನ್ ಎಂದಿನಂತೆ, “ನನ್ನ ವಾಟ್ಕಿ ಸಿಕ್ಕಿತಾ?” ಅಂತ ಕೇಳಿದರು. ವಾಟ್ಕಿ ಅಂದರೆ ಪುಟ್ಟ ಬಟ್ಟಲು. “ಇಲ್ಲ ಹಂಸಾಬೆನ್, ಇನ್ನೂ ಹುಡುಕ್ತಾ ಇದ್ದೀನಿ” ಅಂದೆ. ಬಟ್ಟಲು ಸೂರತ್ತಿನ ನನ್ನ ಈ ಅಡುಗೆಮನೆಯಲ್ಲಿ, ಒಲೆಯ ಪಕ್ಕದಲ್ಲೇ, ಹೊಟ್ಟೆ ತುಂಬ ಸಾಸಿವೆ ಇಟ್ಟುಕೊಂಡು ನನ್ನನ್ನೇ ನೋಡುತ್ತಿದೆ. ಸುಳ್ಳು ಹೇಳುವಾಗ ನಾನೂ ಅದನ್ನೇ ನೋಡುತ್ತಿದ್ದೆ. ವಯಸ್ಸು ಐವತ್ತೆರಡಾದರೂ ನನಗೆ ಇಂಥ ಕೆಲಸದಲ್ಲಿ ಕೈ ನಡುಗುವುದಿಲ್ಲ.

ಬಟ್ಟಲು ಅಂಥ ವಿಶೇಷದ್ದೇನಲ್ಲ. ಅಂಗೈಯಗಲದ ಸ್ಟೀಲ್ ಬಟ್ಟಲು, ಅಂಚು ಒಂದು ಕಡೆ ನೆಗ್ಗಿದೆ. ನಮ್ಮ ಕಡೆ ಪಾತ್ರೆ ಅಂಗಡಿಯವರು ಟರ್ ಅನ್ನಿಸಿ ಚುಕ್ಕೆ ಚುಕ್ಕೆಯಾಗಿ ಹೆಸರು ಹಾಕಿಕೊಡುತ್ತಾರಲ್ಲ, ಹಾಗೆ ಇದರ ಮೇಲೂ ಹೆಸರಿದೆ. ಉದ್ದನೆಯ ಒಂದು ಚೌಕಟ್ಟು, ಅದರ ಎಡಗಡೆ ಗುಜರಾತಿ ಅಕ್ಷರದಲ್ಲಿ ‘ಹಂಸಾ’. ಬಲಗಡೆ ಅರ್ಧ ಚೌಕಟ್ಟು ಖಾಲಿ. ಹೆಸರು ಹಾಕುತ್ತಿದ್ದವನು ಅರ್ಧಕ್ಕೇ ಊಟಕ್ಕೆ ಎದ್ದು ಹೋದನೇನೋ ಅಂತ ನಾನು ಬಹಳ ದಿನ ಅಂದುಕೊಂಡಿದ್ದೆ.

ಈ ಬಟ್ಟಲಿನ ಒಡತಿಯನ್ನು ನಾನು ಒಂದು ಸಲ ಕಳೆದುಕೊಳ್ಳುವುದರಲ್ಲಿದ್ದೆ. ಜಗಳವಾಡಿದ್ದಲ್ಲ, ದುಡ್ಡಿನ ವಿಷಯವೂ ಅಲ್ಲ. ಕಾರಣ, ಜಪಾನಿನ ಯಾವುದೋ ಸಣ್ಣ ಊರಿನಲ್ಲಿ ಅಂಗಿಯ ಗುಂಡಿ ಮಾರುವ ಒಬ್ಬ ಹೆಂಗಸು. ಆ ಹೆಂಗಸು ಭೂಮಿಯ ಮೇಲೆ ಇರಲೇ ಇಲ್ಲ ಅಂದರೆ ನೀವು ನಗುತ್ತೀರಿ. ಇರಲಿ, ಮೊದಲಿನಿಂದ ಹೇಳುತ್ತೇನೆ.

ನನ್ನ ಯಜಮಾನರದು ವಿಮೆ ಕಂಪನಿಯ ಕೆಲಸ. ತುಮಕೂರು ಬಿಟ್ಟ ಮೇಲೆ ನಮ್ಮನ್ನು ಸೂರತ್ತಿಗೆ ಹಾಕಿದರು, ಆಮೇಲೆ ವಡೋದರಾ, ಆಮೇಲೆ ಅಹಮದಾಬಾದ್. ವರ್ಗದ ಸಂಸಾರಕ್ಕೆ ಗೆಳೆತನ ಅನ್ನುವುದು ಗ್ಯಾಸ್ ಸಂಪರ್ಕದ ಹಾಗೆ. ಹೋದ ಊರಲ್ಲಿ ಅರ್ಜಿ ಹಾಕಬೇಕು, ಬರುವಾಗ ಒಪ್ಪಿಸಿ ಬರಬೇಕು. ವಡೋದರಾದಲ್ಲಂತೂ ಅರ್ಜಿ ಮಂಜೂರಾಗುವಷ್ಟರಲ್ಲಿ ವರ್ಗದ ಆದೇಶವೇ ಬಂತು. ಹಾಗಾಗಿ ಅಹಮದಾಬಾದಿನ ಬೋಪಾಲ್ ಬಡಾವಣೆಗೆ ಬಂದಾಗ, ಹದಿನಾಲ್ಕು ಮಹಡಿಯ ಆ ಕಟ್ಟಡದಲ್ಲಿ, ನಾನು ಯಾರ ಹಂಗೂ ಬೇಡವೆಂದು ಬಿಗಿದುಕೊಂಡೇ ಇದ್ದೆ. ಮೂರನೇ ದಿನ ಎದುರು ಮನೆಯಿಂದ ಒಂದು ಬಟ್ಟಲು ಮುಠಿಯಾ, ಅಂದರೆ ಮೆಂತ್ಯದ ಸೊಪ್ಪಿನ ಕಡುಬು, ಬಂತು. ತಂದವರು ಹಂಸಾಬೆನ್. ಬಟ್ಟಲು ಕೈಗಿಟ್ಟು, ಮಾತಿಲ್ಲದೆ, ಚಪ್ಪಲಿಯ ಸದ್ದೂ ಇಲ್ಲದೆ ಹೊರಟು ಹೋದರು. ಖಾಲಿ ಬಟ್ಟಲು ಹಿಂದಿರುಗಿಸಬಾರದು ಅನ್ನುವುದು ಅವರಲ್ಲೂ ಉಂಟು, ನಮ್ಮಲ್ಲೂ ಉಂಟು. ನಾನು ಚಿತ್ರಾನ್ನ ತುಂಬಿ ಕಳಿಸಿದೆ. ಅದು ಮತ್ತೆ ಏನೋ ತುಂಬಿಕೊಂಡು ಬಂತು. ಹೀಗೆ ಆ ಬಟ್ಟಲು ಎರಡು ಬಾಗಿಲ ನಡುವೆ ಓಡಾಡಿಕೊಂಡೇ ಇತ್ತು.

ಎದುರು ಮನೆಯ ಯಜಮಾನಿ ಕೋಕಿಲಾಬೆನ್. ಹಂಸಾಬೆನ್ ಅವರ ನಾದಿನಿ, ಗಂಡನ ತಂಗಿ. ಮದುವೆಯಾಗಿಲ್ಲ. ನನಗಿಂತ ಒಂದೆರಡು ವರ್ಷ ದೊಡ್ಡವರು. ಸೀರೆಗೆ ಫಾಲ್ ಹಾಕುವುದು, ರವಿಕೆಗೆ ಹುಕ್ಕು, ಅಂಗಿಗೆ ಗುಂಡಿ ಹೊಲಿಯುವುದು, ಇಡೀ ಕಟ್ಟಡಕ್ಕೆ ಇವರೇ. ಕೋಕಿಲಾಬೆನ್ ದಿನಕ್ಕೆ ಆಡುವ ಮಾತಿನಲ್ಲಿ ಹಂಸಾಬೆನ್‌ಗೆ ಒಂದು ವರ್ಷ ಸಾಕಾಗುತ್ತದೆ.

ಇನ್ನು ಪುಸ್ತಕದ ಕಥೆ. ನನ್ನ ಅಕ್ಕನ ಮಗಳು ಸೂರತ್ತಿನಲ್ಲಿ ಬಟ್ಟೆಗೆ ವಿನ್ಯಾಸ ಬರೆಯುವ ಕೆಲಸದಲ್ಲಿದ್ದಾಳೆ. ನವೆಂಬರಿನಲ್ಲಿ ಬಂದವಳು, “ಚಿಕ್ಕಮ್ಮ, ಇದನ್ನ ಓದಿ, ಮನಸ್ಸು ತಣ್ಣಗಾಗತ್ತೆ” ಅಂತ ಒಂದು ಜಪಾನಿ ಕಾದಂಬರಿಯ ಇಂಗ್ಲಿಷ್ ಅನುವಾದ ಕೊಟ್ಟು ಹೋದಳು. ನನ್ನ ಮನಸ್ಸು ಕಾದಿದೆ ಅಂತ ಅವಳಿಗೆ ಯಾರು ಹೇಳಿದರೋ ತಿಳಿಯದು. ಮುಖಪುಟದಲ್ಲಿ ಒಂದು ಬೆಕ್ಕು ಕಿಟಕಿಯಲ್ಲಿ ಕೂತಿತ್ತು.

ನಾನು ಓದುವ ಕ್ರಮವನ್ನು ಇಲ್ಲಿ ಒಪ್ಪಿಕೊಂಡುಬಿಡುವುದು ವಾಸಿ. ಕಾದಂಬರಿಯಲ್ಲಿ ಸೂರ್ಯ ಹುಟ್ಟಲಿ, ಮುಳುಗಲಿ, ನಾನು ನಿಂತು ನೋಡುವವಳಲ್ಲ. ವರ್ಣನೆ ಬಂದರೆ ಹಾರಿಸಿ, ಉದ್ಧರಣ ಚಿಹ್ನೆ ಕಂಡಲ್ಲಿ ಇಳಿಯುತ್ತೇನೆ. ಈ ಪುಸ್ತಕದಲ್ಲಿ ಹಾಗೆ ಹಾರಿಸುತ್ತಾ ಹೋಗಿ ಎಲ್ಲೂ ಇಳಿಯಲಾಗದೆ ನಲವತ್ತನೇ ಪುಟಕ್ಕೆ ಬಂದು ನಿಂತೆ. ಅಲ್ಲಿಯವರೆಗೆ ಆದದ್ದು ಇಷ್ಟು. ನೊರಿಕೊ ಅನ್ನುವ, ಐವತ್ತು ದಾಟಿದ, ಮದುವೆಯಾಗದ ಹೆಂಗಸು ಒಂದು ಗುಂಡಿ ಅಂಗಡಿ ಇಟ್ಟಿದ್ದಾಳೆ. ತನಾಕಾ ಅನ್ನುವ ವಿಧುರ, ನಿವೃತ್ತ ಮೇಷ್ಟ್ರು, ಒಂದು ಅಂಗಿ ತರುತ್ತಾನೆ. ಹೆಂಡತಿ ಇದ್ದಾಗ ಹೊಲಿದ ಅಂಗಿ. ಎದೆಯ ಹತ್ತಿರದ ಗುಂಡಿ ಬಿದ್ದು ಹೋಗಿದೆ, ಅದೇ ಥರದ್ದು ಬೇಕು. ಅವಳು ಹುಡುಕುತ್ತಾಳೆ, ಸಿಗುವುದಿಲ್ಲ. “ಹುಡುಕಿಟ್ಟಿರುತ್ತೇನೆ, ಮುಂದಿನ ಬುಧವಾರ ಬನ್ನಿ” ಅನ್ನುತ್ತಾಳೆ. ಅವನು ಹೋಗುತ್ತಾನೆ. ಅವಳು ಮೂಲಂಗಿ ಕೊಂಡು ಮನೆಗೆ ಬರುತ್ತಾಳೆ. ಯಾರಾದರೂ ಸಾಯಲಿ ಅಂತ ನಾನು ಕಾದೆ. ಸಾಯಲಿಲ್ಲ. ಬೆಕ್ಕಾದರೂ ಬರಲಿ ಅಂತ ಕಾದೆ. ಮುಂದಿನ ಬುಧವಾರ ತನಾಕಾ ಬಂದ.

ನಮ್ಮ ಕಟ್ಟಡದ ಗೇಟಿನ ಹತ್ತಿರ ಒಂದು ಸಿಮೆಂಟಿನ ಬೆಂಚು. ಸಂಜೆ ಐದರಿಂದ ಆರೂವರೆ ಅದು ಹೆಂಗಸರ ಆಸ್ಥಾನ, ಕೋಕಿಲಾಬೆನ್ ಅದರ ಮಹಾರಾಣಿ. ನಾನು ಪುಸ್ತಕ ಹಿಡಿದು ಕೂತಿದ್ದು ಅವರ ಕಣ್ಣಿಗೆ ಬಿತ್ತು. ಕೈಯಲ್ಲಿ ಕಥೆ ಇಟ್ಟುಕೊಂಡು ಒಬ್ಬಳೇ ನುಂಗುವುದು ಅವರ ಲೆಕ್ಕದಲ್ಲಿ ಡಬ್ಬಿ ಮುಚ್ಚಿಕೊಂಡು ಊಟ ಮಾಡಿದ ಹಾಗೆ.

“ಏನು ಕಥೆ ಸುಮಾಬೆನ್? ನಮಗೂ ಹೇಳಿ.”

ಇಲ್ಲಿ ಒಂದು ತೊಡಕಿತ್ತು. ನಾನು ಗುಜರಾತಿ ಕಲಿತದ್ದು ಸೂರತ್ತಿನ ತರಕಾರಿ ಮಾರ್ಕೆಟ್ಟಿನಲ್ಲಿ. ಎಳೆಯದು, ಬಲಿತದ್ದು, ಬಾಡಿದ್ದು, ನಿನ್ನೆಯದು, ಅರ್ಧ ಕಿಲೋ, ಸ್ವಲ್ಪ ಕಡಿಮೆ ಮಾಡಿ. ಇಷ್ಟರಲ್ಲೇ ನನ್ನ ಸಂಸಾರ ನಡೆದಿದೆ. ಜಪಾನಿಯಿಂದ ಇಂಗ್ಲಿಷಿಗೆ ಬಂದು, ನನ್ನ ತಲೆಯೊಳಗೆ ತುಮಕೂರು ಕನ್ನಡವಾಗಿ ಕೂತಿದ್ದ ಆ ಸೂಕ್ಷ್ಮ ಕಾದಂಬರಿ ಈಗ ಈ ಮಾರ್ಕೆಟ್ಟಿನ ಗುಜರಾತಿಯಲ್ಲಿ ಹೊರಗೆ ಬರಬೇಕಿತ್ತು. ನೊರಿಕೊ ಒಂಟಿ ಅನ್ನುವುದಕ್ಕೆ, “ಅವಳ ಮನಸ್ಸು ಸ್ವಲ್ಪ ಬಾಡಿದೆ” ಅಂದೆ. ತನಾಕಾ ಹೇಗಿದ್ದಾನೆ ಅಂದಾಗ, “ಹಳೆಯದು, ಆದರೆ ಕೆಟ್ಟಿಲ್ಲ” ಅಂದೆ. ಬೆಂಚಿನ ಮೇಲೆ ಎಲ್ಲರಿಗೂ ತಕ್ಷಣ ಅರ್ಥವಾಯಿತು. ಆ ಗಳಿಗೆಯಿಂದ ನೊರಿಕೊ ನೊರಿಬೆನ್ ಆದಳು, ತನಾಕಾ ತನಾಕಾಭಾಯಿ ಆದ.

“ಪಛೀ?” ಅಂದರು ಕೋಕಿಲಾಬೆನ್. ಆಮೇಲೆ ಅಂತ. ಆ ಊರಿನಲ್ಲಿ ನಾನು ಅತ್ಯಂತ ಹೆದರಿದ ಶಬ್ದ ಇದೊಂದೇ.

“ಆಮೇಲೆ ಅವಳು ಮೂಲಂಗಿ ತಗೊಂಡು ಮನೆಗೆ ಹೋದಳು.”

“ಪಛೀ?”

“ಹೆಚ್ಚಿದಳು.”

“ಒಂದು ಗುಂಡಿಗೆ ಅಷ್ಟು ಹೊತ್ತು ಹುಡುಕಿದಳಾ? ಕೆಲಸವಿಲ್ಲದವಳು” ಅಂತ ಕೋಕಿಲಾಬೆನ್ ಆಕಳಿಸಿದರು. ಬೆಂಚಿನ ತುದಿಯಲ್ಲಿ ಸೀರೆಯ ಅಂಚು ಹೊಲಿಯುತ್ತಿದ್ದ ಹಂಸಾಬೆನ್ ತಲೆಯೆತ್ತದೆ, “ಕೆಳಗಿನ ಗುಂಡಿ ಕಿತ್ತು ಮೇಲಕ್ಕೆ ಹಾಕಿದರಾಯ್ತು. ಕೆಳಗಡೆ ಯಾವುದು ಹಾಕಿದರೇನು, ಪ್ಯಾಂಟಿನೊಳಗೆ ಹೋಗುತ್ತಲ್ಲ” ಅಂದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾನೂ ಹಾಕಿಕೊಳ್ಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವರೇ ಕೇಳಿದರು, “ಆ ಗುಂಡಿಗೆ ಎರಡು ತೂತಾ, ನಾಲ್ಕು ತೂತಾ?”

ನನಗೆ ಗೊತ್ತಿರಲಿಲ್ಲ. ಹಾರಿಸಿದ್ದೆ. ಮನೆಗೆ ಬಂದು ಹುಡುಕಿದರೆ ಹನ್ನೊಂದನೇ ಪುಟದಲ್ಲಿತ್ತು, ನಾಲ್ಕು ತೂತು. ಮರುದಿನ ಬಟ್ಟಲಿನಲ್ಲಿ ಕೋಸಂಬರಿ ಕೊಟ್ಟು “ನಾಲ್ಕು” ಅಂದೆ. ಹಂಸಾಬೆನ್ ತಲೆದೂಗಿ, “ಹಾಗಾದರೆ ಒಳ್ಳೇ ಗುಂಡಿ” ಅಂದರು.

ಅಲ್ಲಿಂದ ಶುರುವಾಯಿತು ನೋಡಿ. ಕೋಕಿಲಾಬೆನ್ ಕೇಳುವುದು ಆಮೇಲೇನಾಯಿತು ಅಂತ. ಹಂಸಾಬೆನ್ ಕೇಳುವುದು ಇನ್ನೇನೋ. “ಒಬ್ಬಳಿಗೇ ಅಡುಗೆ ಮಾಡ್ಕೊಂಡಾಗ ತಟ್ಟೆಗೆ ಬಡಿಸ್ಕೋತಾಳಾ, ಬಾಣಲೆಯಿಂದಲೇ ತಿಂತಾಳಾ?” “ಅಂಗಡಿ ಮುಚ್ಚುವಾಗ ಬೀಗ ಎಳೆದು ನೋಡ್ತಾಳಾ?” ಎಲ್ಲದಕ್ಕೂ ಪುಸ್ತಕದಲ್ಲಿ ಉತ್ತರ ಇತ್ತು. ಅವಳು ತಟ್ಟೆಗೆ ಬಡಿಸಿಕೊಂಡು, ಕಿಟಕಿಗೆ ಎದುರಾಗಿ ಕೂತು ತಿನ್ನುತ್ತಿದ್ದಳು. ಬೀಗವನ್ನು ಎರಡು ಸಲ ಎಳೆಯುತ್ತಿದ್ದಳು. “ಬಡಿಸ್ಕೋಬೇಕು” ಅಂದರು ಹಂಸಾಬೆನ್, ಯಾವುದೋ ಲೆಕ್ಕ ಸರಿಹೋದವರ ಹಾಗೆ. ಮೂವತ್ತು ವರ್ಷದಿಂದ ಕಾದಂಬರಿ ಓದುವ ನಾನು, ಒಂದು ಕಾದಂಬರಿಯನ್ನೂ ಓದದ ಇವರಿಗಾಗಿ ಮೊದಲ ಬಾರಿಗೆ ವರ್ಣನೆಗಳನ್ನು ಓದತೊಡಗಿದೆ. ನಾಚಿಕೆಯಾಗಬೇಕಿತ್ತು, ಆದರೆ ಹಿತವಾಗಿತ್ತು. ದಿನಕ್ಕೆ ನಾಲ್ಕೇ ಪುಟ ಓದುತ್ತಿದ್ದೆ.

ಕಥೆ ಹೇಳುವ ಚಟ ನನಗೆ ಹೊಸದಲ್ಲ. ತುಮಕೂರಿನಲ್ಲಿ ನಾವು ಬಾಡಿಗೆಗಿದ್ದ ವಠಾರದಲ್ಲಿ, ಅವರೆಕಾಯಿ ಕಾಲ ಬಂತೆಂದರೆ ಮಧ್ಯಾಹ್ನ ಎಲ್ಲರೂ ಒಂದೇ ಚಾಪೆಯ ಸುತ್ತ ಕೂತು ಬಿಡಿಸುತ್ತಿದ್ದರು. ನಮ್ಮ ಸೋದರತ್ತೆ ಪದ್ದತ್ತೆಗೆ ಕಣ್ಣು ಮಂಜು. ವಾರಪತ್ರಿಕೆಯ ಧಾರಾವಾಹಿಯನ್ನು ನಾನು ಓದಿ ಹೇಳಬೇಕು. ಕೂಲಿ, ನೆನೆಸಿದ ಕಾಳನ್ನು ಹಿತುಕುವ ಹಕ್ಕು. ಬೆರಳ ನಡುವೆ ಕಾಳು ಪುಳಕ್ ಅಂತ ಹಾರಿ ಎದುರಿಗಿದ್ದವರ ಹಣೆಗೆ ತಾಗುವ ಸುಖಕ್ಕೆ ನಾನು ಎಷ್ಟು ಅಧ್ಯಾಯ ಬೇಕಾದರೂ ಓದುತ್ತಿದ್ದೆ. ಒಂದು ವಾರ ಪತ್ರಿಕೆ ಬರಲಿಲ್ಲ. ಬರಲಿಲ್ಲ ಅಂದರೆ ಹಿತುಕುವುದೂ ಇಲ್ಲ. ನಾನು ಹಳೆಯ ಸಂಚಿಕೆಯೊಂದನ್ನು ಮುಖಕ್ಕೆ ಹಿಡಿದು, ಇಡೀ ಅಧ್ಯಾಯವನ್ನು ನನ್ನ ತಲೆಯಿಂದಲೇ ಓದಿದೆ. ಕೊನೆಯಲ್ಲಿ ಏನಾದರೂ ಆಗಬೇಕಲ್ಲ, ನಾಯಕ ಡಾಕ್ಟರನ್ನು ಲಾರಿಯ ಕೆಳಗೆ ಹಾಕಿದೆ. ಪದ್ದತ್ತೆ ಸೆರಗು ಬಾಯಿಗಿಟ್ಟುಕೊಂಡು ಅತ್ತರು. ಆವತ್ತು ಊಟವನ್ನೂ ಮಾಡಲಿಲ್ಲ.

ಮುಂದಿನ ವಾರದ ಸಂಚಿಕೆಯಲ್ಲಿ ಡಾಕ್ಟರ್ ಆರಾಮಾಗಿ ಕೂತು ಕಾಫಿ ಕುಡಿಯುತ್ತಿದ್ದ. ಆ ದಿನ ನನ್ನ ಕಿವಿ ಹಿಂಡಿದ ಕೈಗಳೆಷ್ಟೋ ಲೆಕ್ಕವಿಲ್ಲ. ಪದ್ದತ್ತೆ ಮಾತ್ರ ಹಿಂಡಲಿಲ್ಲ. “ಅವನು ಬದುಕಿದ್ದು ಒಳ್ಳೇದೇ ಆಯ್ತು ಬಿಡೇ. ಆದ್ರೆ ನಾನು ಅತ್ತಿದ್ದನ್ನ ಯಾರು ವಾಪಸ್ ಕೊಡ್ತಾರೆ?” ಅಂದರು. ಆಗ ನನಗೆ ಹತ್ತು ವರ್ಷ. ಬುದ್ಧಿ ಬಂತು ಅಂತ ನೀವು ತಿಳಿದರೆ ಅದು ನಿಮ್ಮ ಒಳ್ಳೆಯತನ.

ಜನವರಿ ಬಂತು. ಬೋಪಾಲಿನಲ್ಲಿ ಆಕಾಶ ತುಂಬ ಗಾಳಿಪಟ, ಬೆಂಚಿನ ಮೇಲೆ ರಾಶಿ ರಾಶಿ ಹಸಿ ತೊಗರಿಕಾಯಿ. ಉತ್ತರಾಯಣದ ಹಬ್ಬಕ್ಕೆ ಉಂಧಿಯು ಅನ್ನುವ ಬೆರಕೆ ಪಲ್ಯ ಮಾಡಲು ಎಲ್ಲರ ಮನೆಯ ಕಾಯನ್ನೂ ಅಲ್ಲೇ ಬಿಡಿಸುತ್ತಿದ್ದರು. ಅಷ್ಟು ಹೊತ್ತಿಗೆ ಪುಸ್ತಕದಲ್ಲಿ ತನಾಕಾಭಾಯಿ ಹತ್ತನೇ ಬುಧವಾರವೋ ಹನ್ನೊಂದನೇ ಬುಧವಾರವೋ ಬಂದು ಹೋಗಿದ್ದ. ಬರುತ್ತಾನೆ, “ಗುಂಡಿ ಸಿಕ್ಕಿತಾ?” ಅನ್ನುತ್ತಾನೆ, “ಇನ್ನೂ ಹುಡುಕುತ್ತಿದ್ದೇನೆ” ಅನ್ನುತ್ತಾಳೆ, ಇಬ್ಬರೂ ಚಹಾ ಕುಡಿಯುತ್ತಾರೆ, ಅವನು ಹೋಗುತ್ತಾನೆ. ಹಬ್ಬದ ಹಿಂದಿನ ಸಂಜೆ ಕೋಕಿಲಾಬೆನ್‌ರ ತಾಳ್ಮೆ ತೀರಿತು.

“ಸುಮಾಬೆನ್, ನಾಳೆಗೆ ಕಮೂರ್ತಾ ಮುಗಿಯುತ್ತೆ. ನಾಳೆಯಿಂದ ಮುಹೂರ್ತಗಳು ಶುರು” ಅಂದರು. ಕಮೂರ್ತಾ ಅಂದರೆ ನಮ್ಮ ಧನುರ್ಮಾಸ. ಮದುವೆ ಮುಂಜಿ ಮಾಡದ ತಿಂಗಳು. “ಒಂದು ತಿಂಗಳಿಂದ ನಾನು ಸುಮ್ಮನಿದ್ದೆ, ದಿನ ಸರಿಯಿಲ್ಲ, ಅವರೂ ಅದಕ್ಕೇ ಕಾಯ್ತಿರಬಹುದು ಅಂತ. ಇನ್ನು ಯಾವ ನೆಪವೂ ಇಲ್ಲ. ಹೆಣ್ಣಿನ ಕಡೆಯವರು ನೀವೇ. ಏನಾದರೂ ಒಂದು ಹೇಳಿ.”

ಜಪಾನಿನಲ್ಲಿ ಧನುರ್ಮಾಸ ಆಚರಿಸುತ್ತಾರೆಯೇ ಅಂತ ಕೇಳುವ ಧೈರ್ಯ ನನಗಾಗಲಿಲ್ಲ. ಎಂಟು ಜೋಡಿ ಕಣ್ಣು ನನ್ನ ಮೇಲಿದ್ದವು. ಬೆರಳಲ್ಲಿ ತೊಗರಿಕಾಳು ಜಾರುತ್ತಿತ್ತು, ಮೂಗಿಗೆ ಹಸಿ ಸಿಪ್ಪೆಯ ವಾಸನೆ. ಚಾಪೆ, ಪದ್ದತ್ತೆ, ವಾರಪತ್ರಿಕೆ, ಎಲ್ಲ ಒಟ್ಟಿಗೆ ಬಂದು ನನ್ನೊಳಗಿನ ಹತ್ತು ವರ್ಷದವಳು ಬಾಲ ಬಿಚ್ಚಿದಳು.

“ಕೇಳಿದ” ಅಂದೆ. “ಅವಳು ಹೂಂ ಅಂದಳು.”

ಬೆಂಚು ಎದ್ದು ಕುಣಿಯಿತು ಅಂದರೆ ಅತಿಶಯೋಕ್ತಿಯಲ್ಲ. ಅರಿಶಿನ ಹಚ್ಚಿದರಾ, ಹೆಣ್ಣಿಗೆ ಏನು ಉಡಿಸಿದರು, ಊಟಕ್ಕೆ ಏನಿತ್ತು. ನಾನು ಒಂದೊಂದನ್ನೇ ಕೊಡುತ್ತಾ ಹೋದೆ. ಕೆಂಪಂಚಿನ ರೇಷ್ಮೆ ಉಡಿಸಿದೆ. ತಲೆಗೆ ಹೂ ಮುಡಿಸಿದೆ. ಮದುವೆ ಊಟಕ್ಕೆ ಮೂಲಂಗಿಯನ್ನು ಬಿಡಲಾಗಲಿಲ್ಲ, ಅದು ಅಲ್ಲಿಯ ಸಂಪ್ರದಾಯ ಅಂದೆ. ಇಷ್ಟರ ನಡುವೆ ಹಂಸಾಬೆನ್ ತಮ್ಮ ಮಡಿಲಿನ ಕಾಯನ್ನು ಬುಟ್ಟಿಗೆ ಸುರಿದು, “ಒಲೆ ಮೇಲೆ ಹಾಲಿಟ್ಟಿದ್ದೆ” ಅಂತ ಎದ್ದು ಹೋದರು. ನನಗೆ ಆಗ ಏನೂ ಅನ್ನಿಸಲಿಲ್ಲ. ಮದುವೆ ಮನೆಯ ಗಡಿಬಿಡಿಯಲ್ಲಿದ್ದೆ.

ಮರುದಿನ ಕೋಕಿಲಾಬೆನ್ ಲಾಪ್ಸಿ ಮಾಡಿದರು. ಶುಭಕಾರ್ಯಕ್ಕೆ ಮಾಡುವ ಗೋಧಿ ನುಚ್ಚಿನ ಸಿಹಿ. ಬಟ್ಟಲು ತುಂಬ ತಂದು, “ನೊರಿಬೆನ್ ಲೆಕ್ಕದ್ದು” ಅಂದರು. ತಂದವರು ಕೋಕಿಲಾಬೆನ್ ಅನ್ನುವುದು ಲಾಪ್ಸಿ ಅರ್ಧ ತಿಂದ ಮೇಲೆ ನನಗೆ ಹೊಳೆಯಿತು. ಅಷ್ಟು ದಿನದಲ್ಲಿ ಆ ಬಟ್ಟಲು ಹಂಸಾಬೆನ್ ಕೈ ಬಿಟ್ಟು ಬೇರೆಯವರ ಕೈಯಲ್ಲಿ ಬಂದಿರಲಿಲ್ಲ.

ಆ ಸಂಜೆ ಹಂಸಾಬೆನ್ ಬೆಂಚಿಗೆ ಬರಲಿಲ್ಲ. ಮರುದಿನವೂ ಇಲ್ಲ. ಒಂದು ವಾರವಾಯಿತು. ಕೇಳಿದರೆ ಫಾಲ್ ಹಾಕುವ ಸೀರೆ ರಾಶಿ ಬಿದ್ದಿದೆ ಅಂತ ಕೋಕಿಲಾಬೆನ್ ಹೇಳಿದರು. ಎಂಟನೇ ದಿನ ಹಂಸಾಬೆನ್ ಲಿಫ್ಟಿನಲ್ಲಿ ಸಿಕ್ಕಿದರು. ನಾನೇ ಮಾತು ತೆಗೆದೆ. ಅವರು ಲಿಫ್ಟಿನ ಅಂಕಿಗಳನ್ನು ನೋಡುತ್ತಾ, “ನೊರಿಬೆನ್ ಚೆನ್ನಾಗಿದ್ದಾಳಾ?” ಅಂದರು.

“ಇದ್ದಾಳೆ.”

“ಅಂಗಡಿ?”

ಮದುವೆಗೆ ಸೀರೆ, ಹೂವು, ಮೂಲಂಗಿ ಎಲ್ಲ ಹೊಂದಿಸಿದ್ದ ನಾನು ಅಂಗಡಿಯನ್ನು ಮರೆತೇಬಿಟ್ಟಿದ್ದೆ.

“ಮುಚ್ಚಿರಬೇಕು” ಅಂದರು ಅವರೇ. “ಇರಲಿ, ಒಳ್ಳೇದಾಯ್ತು. ಎಲ್ಲಾ ಕಥೆಯಲ್ಲೂ ಕೊನೆಗೆ ಹೀಗೇ ಮಾಡ್ತಾರೆ. ಇವಳೊಬ್ಬಳು ತನ್ನ ಪಾಡಿಗೆ ಇರ್ತಾಳೇನೋ ಅಂದ್ಕೊಂಡಿದ್ದೆ.” ಲಿಫ್ಟಿನ ಬಾಗಿಲು ತೆರೆಯಿತು. ಅವರು ನನ್ನ ಕಡೆ ತಿರುಗದೆ ಮನೆಯೊಳಗೆ ಹೋದರು.

ಇಡೀ ಪ್ರಪಂಚ ಈ ಹೆಂಗಸನ್ನು ಮೂವತ್ತು ವರ್ಷದಿಂದ ಮದುವೆ ಯಾಕಾಗಲಿಲ್ಲ ಅಂತ ಕೇಳುತ್ತಲೇ ಇದೆ. ಒಂದೇ ಒಂದು ಪುಸ್ತಕ ಅದನ್ನು ಕೇಳದೆ, ಅಂಗಡಿಗೆ ಬೀಗ ಎಷ್ಟು ಸಲ ಎಳೆಯುತ್ತಾಳೆ ಅಂತ ಕೂತು ಬರೆದಿತ್ತು. ಅದನ್ನೂ ನಾನು ಬಾಯಿಚಪಲಕ್ಕೆ ಕೆಡಿಸಿ, ಜೊತೆಗೆ ಲಾಪ್ಸಿಯನ್ನೂ ತಿಂದಿದ್ದೆ.

ಯಜಮಾನರಿಗೆ ಹೇಳಿದೆ. ಅವರು ಪೇಪರಿನ ಹಿಂದಿನಿಂದ, “ಏನೇ, ಆ ಮದ್ವೆಗೆ ನನ್ನನ್ನ ಕರೀಲೇ ಇಲ್ಲ ನೀನು” ಅಂದರು.

“ತಮಾಷೆ ಸಾಕು ರೀ. ಏನು ಮಾಡ್ಲಿ ಹೇಳಿ.”

“ಡೈವೋರ್ಸ್ ಕೊಡಿಸು.”

“ಐವತ್ತು ದಾಟಿದೋಳಿಗಾ?”

“ಹಾಗಾದ್ರೆ ಅವನನ್ನ ಲಾರಿ ಕೆಳಗೆ ಹಾಕು. ನಿಂಗೆ ಅಭ್ಯಾಸ ಇದೆಯಲ್ಲ.”

ಲಾರಿಯನ್ನು ನಾನು ಯೋಚಿಸದೆ ಬಿಟ್ಟಿದ್ದೆ ಅಂದುಕೊಳ್ಳಬೇಡಿ. ಆದರೆ ವಿಧವೆ ಮಾಡಿ ಅಂಗಡಿ ತೆರೆಸುವುದು ನನಗೇ ಒಗ್ಗಲಿಲ್ಲ. ಮದುವೆ ಸುಳ್ಳು ಅಂತ ಬೆಂಚಿನ ಮೇಲೆ ಒಪ್ಪಿಕೊಂಡರೆ ಕೋಕಿಲಾಬೆನ್ ಲಾಪ್ಸಿಯ ತುಪ್ಪಕ್ಕೆ ಲೆಕ್ಕ ಕೇಳುತ್ತಾರೆ. ಇನ್ನೇನು ಮಾಡಲಿ ಅಂತ ತಿಳಿಯದೆ, ಬೇರೆ ದಾರಿಯಿಲ್ಲದವಳಂತೆ, ಪುಸ್ತಕವನ್ನು ತೆಗೆದು ಓದಿದೆ. ಮದುವೆ ಮಾಡಿಸಿದ ಮೇಲೆ ನಾನು ಅದನ್ನು ಮುಟ್ಟಿರಲಿಲ್ಲ. ಒಂದು ಸಾಲನ್ನೂ ಹಾರಿಸದೆ ಕೊನೆಯ ಮೂವತ್ತು ಪುಟ ಓದಿದೆ. ಕೊನೆಯ ಪುಟದಲ್ಲಿ ನಾನು ಎದ್ದು ನಿಂತುಬಿಟ್ಟೆ.

ಅವತ್ತು ಮಾರ್ಕೆಟ್ಟಿನಲ್ಲಿ ಸೂರತಿ ಪಾಪಡಿ ಸಿಕ್ಕಿತ್ತು. ಹೆಸರು ಬೇರೆ, ರುಚಿಯಲ್ಲಿ ನಮ್ಮ ಅವರೆಯೇ. ಕಾಳು ನೆನೆಸಿ, ಹಿತುಕಿ, ಸಾರು ಮಾಡಿದೆ. ಹಂಸಾಬೆನ್ ಬಟ್ಟಲಿಗೆ ತುಂಬಿ, ಬಗಲಲ್ಲಿ ಪುಸ್ತಕ ಇಟ್ಟುಕೊಂಡು, ಕೋಕಿಲಾಬೆನ್ ಬೆಂಚಿನ ಮೇಲಿರುವ ಹೊತ್ತು ನೋಡಿ ಎದುರು ಮನೆಯ ಗಂಟೆ ಒತ್ತಿದೆ.

ಹಂಸಾಬೆನ್ ಮಂಚದ ಮೇಲೆ ಸೀರೆ ಹರಡಿಕೊಂಡು ಕೂತಿದ್ದರು. ಬಟ್ಟಲು ಕೆಳಗಿಟ್ಟು, “ನಾನು ಸುಳ್ಳು ಹೇಳಿದೆ. ಮದುವೆ ಆಗಲಿಲ್ಲ” ಅಂದೆ. ಅವರ ಸೂಜಿ ನಿಂತಿತು.

“ಅವನು ಕೇಳಲಿಲ್ವಾ?”

“ಕೇಳಲೂ ಇಲ್ಲ, ಅವಳು ಹೂಂ ಅನ್ನಲೂ ಇಲ್ಲ. ಅಂಗಡಿ ಇದೆ. ಕೊನೆಯ ಪುಟದಲ್ಲಿ ಅವನ ಅಂಗಿ ತಗೊಂಡು, ಕೆಳಗಿನ ಗುಂಡಿ ಕಿತ್ತು ಎದೆ ಹತ್ತಿರ ಹೊಲೀತಾಳೆ. ಕೆಳಗಡೆಗೆ ಬೇರೆ ಯಾವುದೋ ಒಂದು. ಪ್ಯಾಂಟಿನೊಳಗೆ ಹೋಗುತ್ತೆ ಅಂತಾಳೆ. ನೀವು ಮೊದಲನೇ ದಿನ ಹೇಳಿದ್ದು ಅದೇ.” ಪುಟ ತೆರೆದು ತೋರಿಸಿದೆ. ಇಂಗ್ಲಿಷ್ ಅಕ್ಷರ ಅವರಿಗೆ ಬಾರದು. ಆದರೂ ಬೆರಳಿಟ್ಟು ಆ ಸಾಲನ್ನು ನೋಡಿದರು.

ಬೈಯುತ್ತಾರೆ ಅಂತ ಕಾದೆ. ಅವರು ನಿಧಾನವಾಗಿ ನಗತೊಡಗಿದರು. ಹಂಸಾಬೆನ್ ನಗುವುದನ್ನು ನಾನು ಅದೇ ಮೊದಲು ಕಂಡದ್ದು.

“ಸುಮಾಬೆನ್, ಅವಳಿಗೆ ಇದು ಮೊದಲನೇ ದಿನವೇ ಗೊತ್ತಿತ್ತು.”

“ಹಾಗಂತ ಪುಸ್ತಕದಲ್ಲಿಲ್ಲ.”

“ಯಾಕಿರಬೇಕು? ಮೂವತ್ತು ವರ್ಷ ಗುಂಡಿ ಮಾರಿದವಳಿಗೆ ಇಷ್ಟು ಗೊತ್ತಿರಲ್ವಾ? ಅವತ್ತೇ ಹೊಲಿದು ಕೊಟ್ಟಿದ್ದರೆ ಅವನು ಮುಂದಿನ ಬುಧವಾರ ಯಾಕೆ ಬರ್ತಿದ್ದ?”

ನಾನು ಆ ಇನ್ನೂರ ಹತ್ತು ಪುಟಗಳನ್ನು ಮನಸ್ಸಿನಲ್ಲೇ ಹಿಂದಕ್ಕೆ ತಿರುವಿದೆ. ಪ್ರತಿ ಬುಧವಾರ, ಪ್ರತಿ ಚಹಾ, ಪ್ರತಿ “ಇನ್ನೂ ಹುಡುಕುತ್ತಿದ್ದೇನೆ”. ಏನೂ ಆಗುವುದಿಲ್ಲ ಅಂತ ನಾನು ಗೊಣಗಿದ ಪುಸ್ತಕದಲ್ಲಿ ಮೊದಲಿನಿಂದ ಕೊನೆಯವರೆಗೆ ಎಂಥ ಕಿಲಾಡಿತನ ನಡೆದಿತ್ತು ನೋಡಿ. ನನಗಿಂತ ದೊಡ್ಡ ಸುಳ್ಳಿ ಒಬ್ಬಳು ಅದರೊಳಗೆ ಕೂತಿದ್ದಳು.

“ಹಾಗಾದರೆ ಕೊನೆಗೆ ಯಾಕೆ ಹೊಲಿದು ಕೊಟ್ಟಳು?” ಅಂದೆ.

“ಇನ್ನು ಗುಂಡಿ ಇಲ್ಲದೆಯೂ ಬರ್ತಾನೆ ಅಂತ ಗೊತ್ತಾಗಿರಬೇಕು” ಅಂದರು. ಆಮೇಲೆ ಸಾರಿನ ಬಟ್ಟಲನ್ನು ಹತ್ತಿರ ಎಳೆದುಕೊಂಡು, ಅದರ ಮೇಲಿನ ಹೆಸರನ್ನು ಹೆಬ್ಬೆರಳಿನಿಂದ ಒರೆಸಿದರು. ನಾನು ಕೇಳದೆಯೇ ಹೇಳಿದರು, “ಅಮ್ಮ ನನ್ನ ಮದುವೆಗೆ ಅಂತ ಕೊಂಡಿಟ್ಟ ಪಾತ್ರೆಗಳಲ್ಲಿ ಇದೂ ಒಂದು. ಪಕ್ಕದಲ್ಲಿ ಗಂಡನ ಹೆಸರಿಗೆ ಜಾಗ ಬಿಡಿಸಿದ್ದಳು. ಜಾಗ ಬಿಟ್ಟರೆ ತುಂಬಲೇಬೇಕು ಅಂತೇನಿಲ್ವಲ್ಲ. ನನಗೆ ಅದು ಖಾಲಿ ಇದ್ದರೇ ಕಣ್ಣಿಗೆ ಚೆನ್ನ.”

ನಾನು ಬೆಂಚಿನ ಮೇಲೆ ನಿಜ ಹೇಳಿಬಿಡುತ್ತೇನೆ ಅಂತ ಎದ್ದೆ. ಹಂಸಾಬೆನ್ ನನ್ನ ಸೆರಗು ಹಿಡಿದು ಕೂರಿಸಿದರು. “ಬೇಡ. ಕೋಕಿಲಾಗೆ ಮದುವೆ ಇರಲಿ. ತುಪ್ಪ ಹಾಕಿದ್ದಾಳೆ.”

ಹೀಗೆ ಆ ಕಟ್ಟಡದಲ್ಲಿ ಇಬ್ಬರು ನೊರಿಬೆನ್‌ಗಳಾದರು. ನಮ್ಮ ಮಹಡಿಯಲ್ಲಿ ಒಬ್ಬಳು ಗುಂಡಿ ಮಾರಿಕೊಂಡಿದ್ದಳು. ಗೇಟಿನ ಹತ್ತಿರದವಳು ಸಂಸಾರ ಮಾಡುತ್ತಿದ್ದಳು. ಮರುದಿನ ಹಂಸಾಬೆನ್ ಸೂಜಿ ದಾರ ಹಿಡಿದು ಬೆಂಚಿಗೆ ಬಂದರು. ಕೋಕಿಲಾಬೆನ್ “ಪಛೀ?” ಅಂದಾಗ ನಾನು ತಡವರಿಸಿದೆ. ಹಂಸಾಬೆನ್ ಹೊಲಿಗೆಯಿಂದ ತಲೆಯೆತ್ತದೆ, “ನೊರಿಬೆನ್ ಅತ್ತೆಗೆ ಎಂಬತ್ತೈದು ಅಂತ ನೀವೇ ಹೇಳಿದಿರಲ್ಲ, ಸುಮಾಬೆನ್. ಬೀಗದ ಕೈ ಇನ್ನೂ ಅವರ ಸೊಂಟದಲ್ಲೇ ಇದೆ ಅಂತ” ಅಂದರು. ಇಂಥ ಪ್ರತಿಭೆಯನ್ನು ಐವತ್ತು ವರ್ಷ ಯಾರೂ ಮಾತಾಡಿಸದೆ ಬಿಟ್ಟಿದ್ದರು. ಆ ಅತ್ತೆ ಬೇಸಿಗೆಯವರೆಗೆ ಬೆಂಚನ್ನು ಆಳಿದಳು.

ಮೇ ತಿಂಗಳಲ್ಲಿ ಯಜಮಾನರಿಗೆ ಮತ್ತೆ ಸೂರತ್ತಿಗೆ ವರ್ಗವಾಯಿತು. ಹೊರಡುವ ಬೆಳಿಗ್ಗೆ ಹಂಸಾಬೆನ್ ಬಟ್ಟಲಿನಲ್ಲಿ ಸುಖಡಿ ತಂದರು, ದಾರಿಗೆ ಅಂತ ಬೆಲ್ಲದ ಸಿಹಿ. ಡಬ್ಬಿಗೆ ಸುರಿದುಕೊಂಡು ಬಟ್ಟಲು ತೊಳೆದೆ. ತುಂಬಿಸಲು ಮನೆಯಲ್ಲಿ ಏನೂ ಇರಲಿಲ್ಲ. ಸಕ್ಕರೆ ಡಬ್ಬಿಯಿಂದ ಉಪ್ಪಿನವರೆಗೆ ಎಲ್ಲ ಲಾರಿ ಹತ್ತಿತ್ತು. ಖಾಲಿ ಕೊಡುವಂತಿಲ್ಲ. ಕೈಯಲ್ಲಿ ಹಿಡಿದು ಒಂದು ಗಳಿಗೆ ನಿಂತೆ, ಆಮೇಲೆ ಅದನ್ನೂ ಕೊನೆಯ ಪೆ‍ಟ್ಟಿಗೆಗೆ ಹಾಕಿದೆ. ಹಂಸಾಬೆನ್ ನೋಡಿದರೋ ಇಲ್ಲವೋ ತಿಳಿಯಲಿಲ್ಲ. ಲಿಫ್ಟಿನವರೆಗೆ ಬಂದರು, ಕೈ ಹಿಡಿದರು. ಅವರು ಯಾರಿಗೂ ಫೋನ್ ಮಾಡುವವರಲ್ಲ, ಮಾತಿಗೆ ನೆಪ ಬೇಕು ಅವರಿಗೆ. ಇಷ್ಟಕ್ಕೆ ಮುಗಿಯಿತು ಅಂದುಕೊಂಡು, ಗ್ಯಾಸ್ ಸಂಪರ್ಕ ಒಪ್ಪಿಸಿದ ಹಾಗೆ ಒಪ್ಪಿಸಿ, ದಾರಿಯುದ್ದಕ್ಕೂ ಕಣ್ಣೊರೆಸಿಕೊಂಡೆ. ಯಜಮಾನರು ನೋಡಿಯೂ ನೋಡದ ಹಾಗೆ ಹೊಲಗಳನ್ನು ನೋಡುತ್ತಾ ಕೂತಿದ್ದರು.

ಸೂರತ್ತಿಗೆ ಬಂದು ಐದಾರು ದಿನವಾಗಿರಬೇಕು. ಪೆಟ್ಟಿಗೆ ಬಿಚ್ಚುತ್ತಿದ್ದೆ. ಫೋನ್ ಬಂತು. ಹಂಸಾಬೆನ್.

“ನನ್ನ ವಾಟ್ಕಿ ನಿಮ್ಮ ಸಾಮಾನಿನಲ್ಲಿ ಬಂದಿದೆಯಾ ಸ್ವಲ್ಪ ನೋಡ್ತೀರಾ?”

ಬಟ್ಟಲು ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಮೇಲೆಯೇ ಇತ್ತು. ಅಕ್ಕನ ಮಗಳು ಶನಿವಾರ ಅಹಮದಾಬಾದಿಗೆ ಹೋಗುವವಳಿದ್ದಳು, ಕೊಟ್ಟು ಕಳಿಸಬಹುದಿತ್ತು. ಸಿಕ್ಕಿತು ಅಂತ ಹೇಳಲು ಬಾಯಿ ತೆರೆದವಳ ಕಣ್ಣು ಗೋಡೆಯ ಕ್ಯಾಲೆಂಡರಿನ ಮೇಲೆ ಬಿತ್ತು. ಅವತ್ತು ಬುಧವಾರ.

“ಇಲ್ಲ ಹಂಸಾಬೆನ್” ಅಂದೆ. “ಇನ್ನೂ ಹುಡುಕ್ತಾ ಇದ್ದೀನಿ.”

ಆ ಕಡೆ ದಾರ ಹಲ್ಲಿನಲ್ಲಿ ಕಡಿದ ಸಣ್ಣ ಶಬ್ದ ಕೇಳಿಸಿತು.

“ನಿಧಾನವಾಗಿ ಹುಡುಕಿ” ಅಂದರು. “ಮುಂದಿನ ಬುಧವಾರ ಕೇಳ್ತೀನಿ.”